ಕಡಲ ಓದಿಗೆ ನೆರವು: ಸಮುದ್ರ ಸಂರಕ್ಷಣೆ ಮತ್ತು ಸ್ಥಳೀಯ ವಿದ್ಯಾರ್ಥಿವೇತನದ ಪ್ರಶ್ನೆ

ಸಮುದ್ರ ಸಂರಕ್ಷಣೆಯನ್ನು ಓದಲು ಹೊರಟ ವಿದ್ಯಾರ್ಥಿಗೆ ಹಣಕಾಸಿನ ನೆರವು ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ನೆರವು ಮೊದಲು ಯಾರಿಗೆ ಸಲ್ಲಬೇಕು, ಓದಿನ ಯಾವ ಹಂತದಲ್ಲಿ ಸಿಗಬೇಕು, ಅದಕ್ಕೆ ಷರತ್ತು ಇರಬೇಕೇ ಎಂದು ಕೇಳಿದಾಗ ಮಾತ್ರ ಅಭಿಪ್ರಾಯಗಳು ಬೇರೆಬೇರೆಯಾಗುತ್ತವೆ. ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇಂದು ವಿಶೇಷ ತೂಕವಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಉದ್ದಕ್ಕೂ 300 ಕಿಲೋಮೀಟರಿಗೂ ಹೆಚ್ಚು ಕಡಲತೀರ ಚಾಚಿಕೊಂಡಿದೆ. ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತ ಹವಳದ ದಿಬ್ಬಗಳಿವೆ. ಹೊನ್ನಾವರದ ಮರಳುದಂಡೆಗಳಲ್ಲಿ ಚಳಿಗಾಲ ಬಂತೆಂದರೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ದಡ ಹತ್ತುತ್ತವೆ. ಕುಮಟಾದ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗೆ ಸಲ್ಲುವ ರಾಮ್ಸಾರ್ ತಾಣದ ಮಾನ್ಯತೆ ದೊರೆಯಿತು. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ರಾಜ್ಯದ ಮೊದಲ ಸಮುದ್ರ ವನ್ಯಧಾಮವೆಂದು ಹೆಸರಾಗಿದೆ. ಇವುಗಳನ್ನೆಲ್ಲ ಅಳೆಯಲು, ಕಾಯಲು, ಇವುಗಳ ಪರವಾಗಿ ಸಭೆಯಲ್ಲಿ ನಿಂತು ಮಾತಾಡಲು ತರಬೇತಾದ ಜನ ಬೇಕು. ಅವರು ಎಲ್ಲಿಂದ ಬರಬೇಕೆಂಬುದೇ ಚರ್ಚೆಯ ತಿರುಳು.

ಈ ಚರ್ಚೆಯಲ್ಲಿ ಹುಬ್ಬಳ್ಳಿ–ಧಾರವಾಡಕ್ಕೂ ಪಾಲಿದೆ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ ಇರುವ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹೀಗಾಗಿ ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸಿನ ಓಣಿಯಿಂದ ಬಂದು ಅದೇ ಊರಿನಲ್ಲಿ ಬಿ.ಎಸ್‌ಸಿ. ಮುಗಿಸಿದ ಹುಡುಗಿಯೂ, ಕಾರವಾರದ ಬೈತಖೋಲ ಬಂದರಿನ ಮೀನುಗಾರರ ಮನೆಯ ಹುಡುಗನೂ ಒಂದೇ ತರಗತಿಯ ಒಂದೇ ಬೆಂಚಿಗೆ ಅರ್ಜಿ ಹಾಕಬಹುದು. ಇಬ್ಬರಲ್ಲಿ ಸ್ಥಳೀಯರು ಯಾರು, ನೆರವಿನಲ್ಲಿ ಆದ್ಯತೆ ಯಾರಿಗೆ ಎಂದು ನಿರ್ಧರಿಸಬೇಕಾದಾಗ ತೊಡಕು ಎದುರಾಗುತ್ತದೆ.

ಹಿನ್ನೆಲೆ: ಮೀನುಗಾರಿಕೆ ಶಾಲೆಯಿಂದ ಕೋಡಿಬಾಗದವರೆಗೆ

ಮೀನುಗಾರರ ಮಕ್ಕಳ ಓದಿಗೆ ಸರ್ಕಾರ ಬೆಂಬಲ ಕೊಟ್ಟ ಇತಿಹಾಸ ಹಳೆಯದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಫ್ರೆಡರಿಕ್ ನಿಕಲ್ಸನ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆ ಪಶ್ಚಿಮ ಕರಾವಳಿಯಲ್ಲಿ ಮೀನುಗಾರರ ಮಕ್ಕಳಿಗಾಗಿಯೇ ಶಾಲೆಗಳನ್ನು ತೆರೆಯಿತು. ಮಲ್ಪೆಯಂಥ ಊರುಗಳಲ್ಲಿ ‘ಫಿಶರೀಸ್ ಶಾಲೆ’ ಎಂಬ ಹೆಸರು ಈಗಲೂ ಬಳಕೆಯಲ್ಲಿದೆ. ಆ ಶಾಲೆಗಳ ಗುರಿ ಅಕ್ಷರ ಮತ್ತು ಕಸುಬಿನ ಸುಧಾರಣೆ. ಸಂರಕ್ಷಣೆಯ ಕಲ್ಪನೆ ಅಂದಿನ ಪಠ್ಯದಲ್ಲಿ ಇರಲಿಲ್ಲ. ಸಮುದಾಯಗಳೂ ಸುಮ್ಮನೆ ಕೂತಿರಲಿಲ್ಲ. 1902ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ವಲಸೆ ಬಂದ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆ ನಡೆಸಿತು. ಜಾತಿಸಂಘ ಮತ್ತು ದಾನಿಗಳ ಟ್ರಸ್ಟುಗಳು ಮೀನುಗಾರರ ಮಕ್ಕಳ ಓದಿಗೆ ಹಣ ಕೊಡುವ ಪರಂಪರೆ ಉಡುಪಿ ಸೀಮೆಯಲ್ಲಿ ಇಂದಿಗೂ ಗಟ್ಟಿಯಾಗಿದೆ.

ಉತ್ತರ ಕನ್ನಡದ ದಾರಿ ಬೇರೆ. 1862ರಲ್ಲಿ ಆ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಆಡಳಿತದ ನಂಟು ಧಾರವಾಡ, ಬೆಳಗಾವಿಗಳೊಡನೆ ಬೆಳೆಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಕರಾವಳಿಯ ಹುಡುಗರು ಘಟ್ಟ ಹತ್ತಿ ಓದಲು ಬಂದರು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಕಡಲತೀರವೂ ಸೇರಿತು. ಬಡವರ ಮಕ್ಕಳು ದೂರದೂರಿಗೆ ಹೋಗದೆ ಓದುವಂತಾಗಲಿ ಎಂದು ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರಲ್ಲಿ ಆರಂಭವಾದದ್ದು ಆ ಟ್ರಸ್ಟಿನ ಆಶ್ರಯದಲ್ಲಿ. ಓದುವವರ ಕೈಗೆ ಹಣ ಕೊಡುವ ಬದಲು ಕಾಲೇಜನ್ನೇ ಅವರ ಊರಿಗೆ ತರುವುದು ದೇಸಾಯಿಯವರು ಹಿಡಿದ ದಾರಿ. ವಿದ್ಯಾರ್ಥಿವೇತನದ ಚರ್ಚೆಯಲ್ಲಿ ಈ ಪರ್ಯಾಯವನ್ನು ಮರೆಯುವಂತಿಲ್ಲ.

ವಿಜ್ಞಾನವಾಗಿ ಸಮುದ್ರದ ಓದು ನೆಲೆಯೂರಿದ್ದು ಸ್ವಾತಂತ್ರ್ಯದ ಹೊತ್ತಿಗೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಲ್ಲಿ ಆರಂಭವಾಗಿ, ಮುಂದೆ ಕೊಚ್ಚಿಯನ್ನು ಕೇಂದ್ರವಾಗಿ ಮಾಡಿಕೊಂಡಿತು. ಮಂಗಳೂರು ಮತ್ತು ಕಾರವಾರದಲ್ಲಿ ಅದರ ಕೇಂದ್ರಗಳಿವೆ. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾಯಿತು. ಇಂದು ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಕಾಲೇಜು ತೆರೆದ ಕಾಲದಲ್ಲಿ ಹೆಚ್ಚು ಮೀನು ಹಿಡಿಯುವುದೇ ಗುರಿಯಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ದೊಡ್ಡ ಸುತ್ತುಬಲೆಯ ಪರ್ಸೀನ್ ದೋಣಿಗಳು ಬಂದವು. ಊರಿನ ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಾಂಪಣಿ ಬಲೆಯ ಕಾಲ ಮುಗಿಯುತ್ತ ಬಂತು. ನಾಡದೋಣಿ ಮತ್ತು ಯಾಂತ್ರಿಕ ದೋಣಿಗಳ ನಡುವಿನ ಜಗಳ ಬೆಳೆಯಿತು. 1986ರಲ್ಲಿ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಸಂರಕ್ಷಣೆ ಕರಾವಳಿಯ ಹೊಟ್ಟೆಪಾಡಿನ ಪ್ರಶ್ನೆಯಾದದ್ದು ಈ ಹಾದಿಯಲ್ಲಿ.

ಇಂದು ಇರುವ ನೆರವು

ಕರ್ನಾಟಕದ ವಿದ್ಯಾರ್ಥಿಗೆ ಸಿಗಬಹುದಾದ ಹಣವನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸಾಮಾಜಿಕ ಹಿನ್ನೆಲೆ ಮತ್ತು ಆದಾಯವನ್ನು ನೋಡಿ ಕೊಡುವುದು. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ. ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟ ಮೇಲೆ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ನೆರವಿಗೆ ಗಟ್ಟಿ ಚೌಕಟ್ಟು ಸಿಕ್ಕಿತು. ಮೊಗವೀರ, ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ ಮುಂತಾದ ಸಮುದಾಯಗಳಿಗೆ ನೆರವು ತಲುಪುವುದು ಹೆಚ್ಚಾಗಿ ಈ ಚೌಕಟ್ಟಿನ ಮೂಲಕವೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಲೆಕ್ಕದಲ್ಲಿ ರೂಪುಗೊಂಡಿತು. 2021ರಲ್ಲಿ ರೈತರ ಮಕ್ಕಳಿಗೆಂದು ಆರಂಭವಾದ ಮುಖ್ಯಮಂತ್ರಿ ರೈತ ವಿದ್ಯಾನಿಧಿಯನ್ನು ಮರುವರ್ಷ ಮೀನುಗಾರರ ಮಕ್ಕಳಿಗೂ ವಿಸ್ತರಿಸಲಾಯಿತು. ಅದರಲ್ಲಿ ಬಿ.ಎಸ್‌ಸಿ.ಯಂಥ ಪದವಿಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿತ್ತು. ಸ್ನಾತಕೋತ್ತರ ಓದಿಗೆ 10,000 ಮತ್ತು 11,000 ರೂಪಾಯಿ.

ಎರಡನೆಯದು ಅಂಕವನ್ನು ನೋಡಿ ಕೊಡುವುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಯೋಜನೆಯಲ್ಲಿ ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ಸಿಗುತ್ತದೆ. ಇದಕ್ಕೆ ಹನ್ನೆರಡನೆಯ ತರಗತಿಯಲ್ಲಿ ಆಯಾ ಮಂಡಳಿಯ ಮೊದಲ ಶೇ. 1ರಷ್ಟು ವಿದ್ಯಾರ್ಥಿಗಳ ಸಾಲಿನಲ್ಲಿರುವುದು ಮುಖ್ಯ ಅರ್ಹತೆ. ಪ್ರಾಣಿಶಾಸ್ತ್ರ, ಸಮುದ್ರ ವಿಜ್ಞಾನಗಳು ಇದರ ವ್ಯಾಪ್ತಿಗೆ ಬರುತ್ತವೆ. ವೃತ್ತಿಶಿಕ್ಷಣವೆನಿಸಿದ ಮೀನುಗಾರಿಕೆ ಪದವಿ ಹೊರಗುಳಿಯುತ್ತದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ ಮೀನುಗಾರಿಕೆ ಪದವಿಗೂ ಉಂಟು. ಆದರೆ ಅದು ತನ್ನ ರಾಜ್ಯ ಬಿಟ್ಟು ಬೇರೆ ರಾಜ್ಯದ ಕಾಲೇಜಿಗೆ ಸೇರಿದವರಿಗೆ. ಕಾರವಾರದ ಹುಡುಗ ಕೊಚ್ಚಿಗೆ ಹೋದರೆ ಅದರ ದಾರಿ ತೆರೆಯುತ್ತದೆ, ಮಂಗಳೂರಿಗೆ ಹೋದರೆ ಮುಚ್ಚುತ್ತದೆ.

ಮೂರನೆಯದು ಸಂಶೋಧನೆಗೆ ಕೊಡುವುದು. ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೀವವಿಜ್ಞಾನ ಅಥವಾ ಭೂಮಿ–ವಾತಾವರಣ–ಸಾಗರ ವಿಜ್ಞಾನಗಳ ವಿಷಯದಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ ಗೆದ್ದವರಿಗೆ 2023ರ ಆರಂಭದಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತಿದೆ. ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುತ್ತದೆ. ರಾಜ್ಯದ ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಉತ್ತೇಜನ ಸೊಸೈಟಿಯೂ ಪಿಎಚ್.ಡಿ. ಫೆಲೋಶಿಪ್ ನೀಡುತ್ತದೆ.

ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಕೊರತೆ ಎಲ್ಲಿದೆಯೆಂದು ತಿಳಿಯುತ್ತದೆ. ಮೊದಲ ಬಗೆ ವಿದ್ಯಾರ್ಥಿಯ ಹಿನ್ನೆಲೆಯನ್ನು ನೋಡುತ್ತದೆ. ಅವಳು ಕಡಲಜೀವಶಾಸ್ತ್ರ ಓದಿದರೂ ವಾಣಿಜ್ಯ ಓದಿದರೂ ಅದಕ್ಕೆ ಒಂದೇ. ಎರಡನೆಯ ಮತ್ತು ಮೂರನೆಯ ಬಗೆಗಳು ಅಂಕ ಮತ್ತು ವಿಷಯವನ್ನು ನೋಡುತ್ತವೆ. ಅವಳು ಯಾವ ತೀರದವಳೆಂದು ಕೇಳುವುದಿಲ್ಲ. ಕಡಲ ಓದು ಮತ್ತು ಕಡಲ ನಂಟು, ಈ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳುವ ಯೋಜನೆ ಇವುಗಳಲ್ಲಿ ಒಂದೂ ಇಲ್ಲ. ಮೊತ್ತದಲ್ಲೂ ಅಂತರ ದೊಡ್ಡದು. ಹಿನ್ನೆಲೆ ನೋಡಿ ಕೊಡುವ ನೆರವು ಪದವಿ ಹಂತದಲ್ಲಿ ವರ್ಷಕ್ಕೆ ಕೆಲವು ಸಾವಿರ, ಸಂಶೋಧನೆಯ ಹಂತದಲ್ಲಿ ತಿಂಗಳಿಗೇ ಹತ್ತಾರು ಸಾವಿರ. ನಡುವಿನ ಎಂ.ಎಸ್‌ಸಿ. ಹಂತದಲ್ಲಿ ದೋಣಿ ಬಾಡಿಗೆ, ಮಾದರಿ ಸಂಗ್ರಹ, ಡೈವಿಂಗ್ ತರಬೇತಿಯಂಥ ಖರ್ಚುಗಳು ಬರುತ್ತವೆ. ಓದು ನಿಂತುಹೋಗುವ ಅಪಾಯ ಹೆಚ್ಚಿರುವುದು ಈ ಹಂತದಲ್ಲಿ.

ಬಲೆ ಒಣಗುವ ತಿಂಗಳು, ಫೀ ಕಟ್ಟುವ ತಿಂಗಳು

ಕರಾವಳಿಯ ಮನೆಯೊಂದರ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ನೆರವಿನ ಮೊತ್ತದಷ್ಟೇ ಅದು ಬರುವ ಸಮಯವೂ ಮುಖ್ಯವೆಂದು ಅರಿವಾಗುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲವೆಂದು, ಮಳೆಗಾಲದ ಕಡಲು ಅಪಾಯವೆಂದು ಈ ನಿಯಮ. ಟ್ರಾಲ್ ದೋಣಿಗಳು ಧಕ್ಕೆಯಲ್ಲಿ ಸಾಲಾಗಿ ಕಟ್ಟಿಬಿದ್ದಿರುತ್ತವೆ. ದೋಣಿಯ ಕಲಾಸಿಗೆ ಪಾಲು ಬರುವುದಿಲ್ಲ. ಮೀನು ಮಾರುವ ಹೆಂಗಸರ ಬುಟ್ಟಿಗೆ ಸರಕಿಲ್ಲ. ಪಿಯುಸಿ ಮುಗಿಸಿದವರು ಕಾಲೇಜು ಸೇರುವ, ಹಾಸ್ಟೆಲ್ ಹುಡುಕುವ ದಿನಗಳೂ ಹೆಚ್ಚಾಗಿ ಇವೇ. ನಿಷೇಧದ ಕಾಲಕ್ಕೆಂದು ಇರುವ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ ತಾನೇ ಕಟ್ಟಿದ 1,500 ರೂಪಾಯಿಗೆ ಸರ್ಕಾರದ 3,000 ಸೇರಿ 4,500 ರೂಪಾಯಿ ಕೈಗೆ ಬರುತ್ತದೆ. ಅಷ್ಟರಲ್ಲಿ ಮನೆಯ ಅಕ್ಕಿಯೂ ಆಗಬೇಕು, ಮಗಳ ಪ್ರವೇಶವೂ ಆಗಬೇಕು.

ಇನ್ನೊಂದೆಡೆ ಅರ್ಜಿಯ ದಾರಿ. ರಾಜ್ಯದ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರ್ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು ರೀತಿ ಹೆಸರಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪೋರ್ಟಲ್ ಬಂದ ಮೇಲೆ ಹಣ ನೇರವಾಗಿ ಖಾತೆಗೆ ಬೀಳುತ್ತದೆ ಎಂಬುದು ದೊಡ್ಡ ಅನುಕೂಲ. ಹಾಗಿದ್ದರೂ ನೆರವು ಪ್ರವೇಶ ಮುಗಿದ ಮೇಲೆ ಬರುವಂಥದ್ದು. ಮೊದಲ ಕಂತಿಗೆ ಸಾಲವೇ ಗತಿ. ಸಂರಕ್ಷಣೆಯ ನಿಯಮವೇ ಮನೆಯ ಆದಾಯವನ್ನು ನಿಲ್ಲಿಸುವ ಎರಡು ತಿಂಗಳಲ್ಲಿ, ಸಂರಕ್ಷಣೆಯನ್ನು ಓದಬೇಕಾದವಳ ಫೀ ಕಟ್ಟಬೇಕಾಗುತ್ತದೆ. ಕರಾವಳಿಗೆಂದು ರೂಪಿಸುವ ಯಾವುದೇ ವಿದ್ಯಾರ್ಥಿವೇತನ ಮೊದಲು ಗಮನಿಸಬೇಕಾದ ಸಂಗತಿ ಇದು.

ಮೊದಲ ವಾದ: ನೆರವು ನ್ಯಾಯದ ಪ್ರಶ್ನೆ

ಸಾಮಾಜಿಕ ನ್ಯಾಯದ ನೆಲೆಯಿಂದ ನೋಡುವವರ ಪ್ರಕಾರ ವಿದ್ಯಾರ್ಥಿವೇತನ ಒಂದು ಹಕ್ಕು. ಬಂದರು, ನೌಕಾನೆಲೆ, ಪ್ರವಾಸೋದ್ಯಮ, ಸಂರಕ್ಷಿತ ಪ್ರದೇಶ, ಇವು ಯಾವುದೇ ಬಂದರೂ ಮೊದಲು ಜಾಗ ಬಿಡಬೇಕಾದವರು ಮೀನುಗಾರರು. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ ಕಡಲಂಚಿನ ಹಳ್ಳಿಗಳೇ ಎದ್ದುಹೋದವು. ಸಮುದ್ರವನ್ನು ಕಾಯುವ ಹೊರೆ ಹೊತ್ತವರ ಮಕ್ಕಳಿಗೆ ಆ ಕುರಿತ ನಿರ್ಧಾರದಲ್ಲಿ ಸ್ಥಾನ ಸಿಗಬೇಕಾದರೆ ಪದವಿ ಬೇಕು, ಪದವಿಗೆ ನೆರವು ಬೇಕು ಎಂಬುದು ವಾದ.

ನೆರೆಯ ರಾಜ್ಯಗಳು ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದಿವೆ. ಕೇರಳದ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದಲ್ಲಿ, ತಮಿಳುನಾಡಿನ ಮೀನುಗಾರಿಕೆ ವಿಶ್ವವಿದ್ಯಾಲಯದಲ್ಲಿ ಮೀನುಗಾರರ ಮಕ್ಕಳಿಗೆ ಸೀಟುಗಳ ಮೀಸಲಿದೆ. ಕಸುಬನ್ನು ನೋಡಿ ಪ್ರವೇಶ ಕೊಡುವ ಪದ್ಧತಿ ಕರ್ನಾಟಕಕ್ಕೂ ಹೊಸದಲ್ಲ. ಕೃಷಿ ಪದವಿಗಳ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ.

ಓದಿನ ಹೊಸ್ತಿಲವರೆಗೂ ಬಾರದ ಮಕ್ಕಳು ಯಾರು, ಏಕೆ ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಸಮುದಾಯದೊಳಗಿನ ಅಂತರಕ್ಕೆ ಮಾತ್ರ ಇದರಲ್ಲಿ ಪೂರ್ತಿ ಉತ್ತರವಿಲ್ಲ. ಪರ್ಸೀನ್ ದೋಣಿಯ ಮಾಲೀಕನ ಮಗನೂ ಪಾತಿದೋಣಿಯಲ್ಲಿ ದುಡಿಯುವವನ ಮಗಳೂ ಜಾತಿ ಪ್ರಮಾಣಪತ್ರದಲ್ಲಿ ಒಂದೇ. ಅಘನಾಶಿನಿಯ ಇಳಿತದ ಹೊತ್ತಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಆರಿಸಿ ಬದುಕುವ ಹೆಂಗಸರಲ್ಲಿ ಬೇರೆಬೇರೆ ಸಮುದಾಯದವರಿದ್ದಾರೆ. ದೋಣಿಯಿಲ್ಲದ ಅವರು ಸಾಮಾನ್ಯ ತಿಳಿವಳಿಕೆಯ ಮೀನುಗಾರರ ಪಟ್ಟಿಯಿಂದಲೇ ತಪ್ಪಿಹೋಗಬಹುದು.

ಎರಡನೆಯ ವಾದ: ನೆರವು ಪ್ರತಿಭೆಗೆ

ಸಮುದ್ರಕ್ಕೆ ಜಿಲ್ಲೆಯ ಗಡಿಯಿಲ್ಲ ಎಂಬಲ್ಲಿಂದ ಎರಡನೆಯ ವಾದ ಹೊರಡುತ್ತದೆ. ಬೂತಾಯಿ ಮೀನಿನ ಹಿಂಡು ಕೇರಳದಿಂದ ಗೋವೆಯವರೆಗೆ ಒಂದೇ ನೀರಿನಲ್ಲಿ ಅಲೆಯುತ್ತದೆ. ಅದರ ಏರಿಳಿತವನ್ನು ಅರಿಯಲು ಸಂಖ್ಯಾಶಾಸ್ತ್ರ, ಉಪಗ್ರಹದ ದತ್ತಾಂಶ, ತಳಿವಿಜ್ಞಾನ ಬಲ್ಲ ಚುರುಕಿನ ಜನ ಬೇಕು. ಅವರು ರಾಯಚೂರಿನವರಾದರೇನು, ರಾಂಚಿಯವರಾದರೇನು? ಇನ್‌ಸ್ಪೈರ್ ಮತ್ತು ನೆಟ್ ಫೆಲೋಶಿಪ್ಪುಗಳು ನಿಂತಿರುವುದು ಈ ನಂಬಿಕೆಯ ಮೇಲೆ. ಬೇರೆ ರಾಜ್ಯಕ್ಕೆ ಹೋಗುವವರಿಗೆಂದೇ ಇರುವ ಪ್ರತಿಭಾ ವಿದ್ಯಾರ್ಥಿವೇತನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊರು ಬಿಟ್ಟು ಓದುವುದರಿಂದಲೇ ದೃಷ್ಟಿ ವಿಶಾಲವಾಗುತ್ತದೆ ಎನ್ನುತ್ತದೆ.

ಕೇರಳದಲ್ಲೋ ಗೋವೆಯಲ್ಲೋ ಓದಿ ಬಂದ ಎಷ್ಟೋ ವಿಜ್ಞಾನಿಗಳು ನಮ್ಮ ತೀರಕ್ಕೆ ಮಾಡಿದ ಉಪಕಾರ ದೊಡ್ಡದು. ಕರ್ನಾಟಕದವರೂ ಬೇರೆ ರಾಜ್ಯಗಳಲ್ಲಿ ದುಡಿದಿದ್ದಾರೆ. ಈ ವಾದಕ್ಕೆ ಅಡ್ಡಬರುವುದು ಅಂಕದ ಅಳತೆಗೋಲು. ಪಿಯುಸಿಯಲ್ಲಿ ಮೊದಲ ಶೇ. 1ರ ಸಾಲು ಟ್ಯೂಷನ್, ಒಳ್ಳೆಯ ಪ್ರಯೋಗಾಲಯ, ಇಂಗ್ಲಿಷ್ ಮಾಧ್ಯಮ ಇರುವ ಊರುಗಳ ಕಡೆ ವಾಲುತ್ತದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಡುವಿನ ವೇಳೆ ಅವ್ವನ ಜತೆ ಮೀನು ಒಣಗಿಸಿದ ಹುಡುಗಿಯ ಅರಿವು ಆ ಅಳತೆಗೆ ದಕ್ಕುವುದಿಲ್ಲ.

ಮೂರನೆಯ ವಾದ: ನೆಲದ ಅರಿವು

ಸ್ಥಳೀಯರಿಗೆ ನೆರವು ಕೊಟ್ಟರೆ ಸಂರಕ್ಷಣೆಯ ಗುಣಮಟ್ಟವೇ ಹೆಚ್ಚುತ್ತದೆ ಎಂಬುದು ಮೂರನೆಯ ವಾದ. ಹೊರಗಿನ ಸಂಶೋಧಕರು ಬಂದು, ಮಾದರಿ ಒಯ್ದು, ಪ್ರಬಂಧ ಪ್ರಕಟಿಸಿ ಹೋದ ಮೇಲೆ ಊರಿಗೆ ಏನೂ ಉಳಿಯದ ಪದ್ಧತಿಯನ್ನು ಶ್ರೀಲಂಕಾದ ಕಡಲಜೀವಶಾಸ್ತ್ರಜ್ಞೆ ಆಶಾ ಡಿ ವೋಸ್ ಬಹಿರಂಗವಾಗಿ ಪ್ರಶ್ನಿಸಿದರು. ತಮ್ಮ ದೇಶದವರನ್ನೇ ತರಬೇತುಗೊಳಿಸಲು ಅವರು ಓಷನ್ಸ್‌ವೆಲ್ ಸಂಸ್ಥೆ ಕಟ್ಟಿದರು. ಗಲಾಪಗೋಸ್ ದ್ವೀಪಗಳಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರತಿಷ್ಠಾನ ಇಕ್ವಡಾರ್‌ನ ವಿದ್ಯಾರ್ಥಿಗಳಿಗೆ ದಶಕಗಳಿಂದ ವಿದ್ಯಾರ್ಥಿವೇತನ ಕೊಡುತ್ತಿದೆ. ಜಾಗತಿಕ ವನ್ಯಜೀವಿ ನಿಧಿ 1994ರಲ್ಲಿ ರಸೆಲ್ ಟ್ರೇನ್ ಹೆಸರಿನಲ್ಲಿ ಆರಂಭಿಸಿದ ಕಾರ್ಯಕ್ರಮದ ಗುರಿಯೂ ಇದೇ: ಕಾಡು–ಕಡಲು ಇರುವ ದೇಶಗಳವರೇ ಅವುಗಳ ಪರಿಣತರಾಗುವುದು.

ಕರ್ನಾಟಕದಲ್ಲಿ ಈ ವಾದಕ್ಕೆ ಗಟ್ಟಿ ಆಧಾರಗಳಿವೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು; ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಮೂಲ ವರದಿ ನೂರಾರು ಪುಟಗಳ ಇಂಗ್ಲಿಷಿನಲ್ಲಿರುತ್ತದೆ. ಕಾರವಾರದ ಬಂದರು ವಿಸ್ತರಣೆ, ಹೊನ್ನಾವರದ ಕಾಸರಕೋಡ ಟೊಂಕದ ಬಂದರು, ಇವುಗಳ ಸುತ್ತ ವಿವಾದ ಎದ್ದಾಗ ಆ ವರದಿಯ ಮೀನಿನ ಪಟ್ಟಿಯನ್ನು, ಪ್ರವಾಹದ ನಕ್ಷೆಯನ್ನು ಓದಿ, ಅದು ತಮ್ಮ ಅನುಭವಕ್ಕೆ ಹೊಂದುತ್ತದೆಯೇ ಇಲ್ಲವೇ ಎಂದು ಊರವರ ಮಾತಿನಲ್ಲಿ ಹೇಳಬಲ್ಲವರ ಬೆಲೆ ತಿಳಿಯುತ್ತದೆ. ಯಾವ ಗಾಳಿಗೆ ತಾರ್ಲೆ ಮೀನು ದಡಕ್ಕೆ ಬರುತ್ತದೆ, ಆಮೆ ಯಾವ ದಂಡೆ ಬಿಟ್ಟು ಯಾವ ದಂಡೆಗೆ ಹೋಗಿದೆ, ನೊಗಲಿ ಮೀನು ಅಳಿವೆಯ ಯಾವ ಮಗ್ಗುಲಲ್ಲಿ ಸಿಗುತ್ತದೆ ಎಂಬ ಅರಿವು ಮನೆಯಲ್ಲೇ ಬೆಳೆದು ಬರುವಂಥದ್ದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳು ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಗೆ ಇಂಥ ಅರಿವೇ ಬಂಡವಾಳ.

ಇದರ ಮಿತಿಯೂ ಸ್ಪಷ್ಟ. ಊರಿನಲ್ಲಿ ಹುಟ್ಟಿದ್ದರಿಂದಲೇ ಅರಿವು ತಾನಾಗಿ ಬರುವುದಿಲ್ಲ. ಕಡಲಿಗೆ ಹೋಗದ ಪೀಳಿಗೆಯೊಂದು ಕರಾವಳಿಯಲ್ಲೇ ಬೆಳೆಯುತ್ತಿದೆ. ದೋಣಿಗಳಲ್ಲಿ ದುಡಿಯಲು ಬೇರೆ ರಾಜ್ಯಗಳ ಕಾರ್ಮಿಕರು ಬರುತ್ತಿದ್ದಾರೆ. ತನ್ನವರೇ ಮಾಡುವ ಬೆಳಕು ಮೀನುಗಾರಿಕೆ, ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಮರಿಮೀನಿನ ಹಿಡಿತದ ವಿರುದ್ಧ ದನಿಯೆತ್ತುವುದು ಊರಿನ ವಿಜ್ಞಾನಿಗೆ ಹೊರಗಿನವರಿಗಿಂತ ಕಷ್ಟವಾಗಬಹುದು.

ನಾಲ್ಕನೆಯ ವಾದ: ಕೊಡು–ಕೊಳ್ಳುವ ಒಪ್ಪಂದ

ನೆರವಿಗೆ ಪ್ರತಿಯಾಗಿ ಸಂರಕ್ಷಣೆಯಲ್ಲಿ ಪಾಲ್ಗೊಳ್ಳಲಿ ಎಂಬುದು ನಾಲ್ಕನೆಯ ನಿಲುವು. ಭಾರತದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಡುಗಾಂಗ್ ವಿದ್ಯಾರ್ಥಿವೇತನ. ಕಡಲಹುಲ್ಲು ಮೇಯುವ, ಅಳಿವಿನಂಚಿನ ಸಸ್ತನಿ ಡುಗಾಂಗ್ ಉಳಿದಿರುವ ತಮಿಳುನಾಡು, ಗುಜರಾತ್, ಅಂಡಮಾನ್ ತೀರಗಳಲ್ಲಿ ಮೀನುಗಾರ ಕುಟುಂಬಗಳ ಶಾಲಾಮಕ್ಕಳಿಗೆ ಅದು ನೆರವು ನೀಡಿತು. ಮಗುವಿನ ಓದಿನ ಮೂಲಕ ಮನೆಯವರನ್ನು ಡುಗಾಂಗ್ ರಕ್ಷಣೆಗೆ ಜೋಡಿಸುವುದು ಉದ್ದೇಶ. 2022ರಲ್ಲಿ ತಮಿಳುನಾಡು ಪಾಕ್ ಕೊಲ್ಲಿಯಲ್ಲಿ ದೇಶದ ಮೊದಲ ಡುಗಾಂಗ್ ಸಂರಕ್ಷಣಾ ಮೀಸಲನ್ನು ಘೋಷಿಸಿತು.

ಹೊನ್ನಾವರದ ಆಮೆಗಳಿಗೆ, ನೇತ್ರಾಣಿಯ ಹವಳಕ್ಕೆ ಇಂಥದೊಂದು ವಿದ್ಯಾರ್ಥಿವೇತನ ಹೊಂದಬಹುದು. ಆಮೆಯ ಗೂಡಿಗೆ ಬೇಲಿ ಕಟ್ಟಿ, ಮರಿ ಹೊರಬರುವ ಸುಮಾರು 45ರಿಂದ 60 ದಿನ ಕಾಯುವ ಮನೆಯ ಮಗುವಿಗೆ ಓದಿನ ಖರ್ಚು ಸಿಕ್ಕರೆ ಸಂರಕ್ಷಣೆಗೂ ಓದಿಗೂ ಒಂದೇ ಬೇರು ಸಿಗುತ್ತದೆ. ಟೀಕಾಕಾರರು ಎರಡು ಮಾತು ಹೇಳುತ್ತಾರೆ. ಶಾಲಾಹಂತದ ಸಣ್ಣ ಮೊತ್ತ ತಿಳಿವಳಿಕೆ ಮೂಡಿಸಬಹುದೇ ಹೊರತು ವಿಜ್ಞಾನಿಯನ್ನು ರೂಪಿಸಲಾರದು. ಎರಡನೆಯದಾಗಿ, ಶಿಕ್ಷಣ ಹಕ್ಕಾಗಿರುವಾಗ ಅದನ್ನು ತಂದೆ–ತಾಯಿಯ ನಡತೆಗೆ ಕಟ್ಟುವುದು ಸರಿಯೇ? ಪದವಿ ಮುಗಿದ ಮೇಲೆ ಇಷ್ಟು ವರ್ಷ ಊರಿನಲ್ಲೇ ದುಡಿಯಬೇಕೆಂಬ ಕರಾರಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಐದನೆಯ ವಾದ: ಮೊದಲು ಕೆಲಸ ತೋರಿಸಿ

ವಿದ್ಯಾರ್ಥಿವೇತನಕ್ಕಿಂತ ಮೊದಲು ಉದ್ಯೋಗ ಸೃಷ್ಟಿಯಾಗಲಿ ಎಂಬುದು ಐದನೆಯ ವಾದ. ಕಡಲಜೀವಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದವರಿಗೆ ತೆರೆದಿರುವ ದಾರಿಗಳು ಕಡಿಮೆ. ಸಂಶೋಧನಾ ಸಂಸ್ಥೆಗಳಲ್ಲಿ ಹೆಚ್ಚಿನ ಕೆಲಸ ಯೋಜನೆ ಇರುವವರೆಗಿನ ತಾತ್ಕಾಲಿಕ ಹುದ್ದೆ. ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಪಾಡು ಎಲ್ಲರಿಗೂ ಗೊತ್ತಿದೆ. ಅರಣ್ಯ ಇಲಾಖೆ ಕಾರವಾರದಲ್ಲಿ ಕರಾವಳಿ ಮತ್ತು ಸಾಗರ ಪರಿಸರಕ್ಕೆಂದು ಘಟಕ ತೆರೆದಿರುವುದು ಒಳ್ಳೆಯ ಬೆಳವಣಿಗೆ. ರಾಮ್ಸಾರ್ ತಾಣ, ಸಮುದ್ರ ವನ್ಯಧಾಮಗಳಿಗೆ ಕಾವಲುಗಾರರು, ಮಾರ್ಗದರ್ಶಿಗಳು, ಜೀವವಿಜ್ಞಾನಿಗಳು ಖಾಯಂ ಆಗಿ ನೇಮಕವಾದರೆ ಓದಿನ ಕಡೆ ಮಕ್ಕಳು ತಾವಾಗಿಯೇ ಬರುತ್ತಾರೆ ಎಂಬುದು ಇವರ ನಂಬಿಕೆ.

ನೆರವು ಪಡೆದು ಓದಿದವರು ಆ ಕ್ಷೇತ್ರ ಬಿಟ್ಟು ಬ್ಯಾಂಕು, ಔಷಧ ಕಂಪನಿ, ಕೊಲ್ಲಿ ದೇಶಗಳ ಕಡೆ ಹೋಗುವುದೇಕೆ ಎಂಬುದಕ್ಕೆ ಈ ವಾದದಲ್ಲಿ ನೇರ ಉತ್ತರವಿದೆ. ಹುದ್ದೆಗಳು ಹುಟ್ಟಿದರೂ ಅವು ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತುಂಬಿದಾಗ ಕರಾವಳಿಯ ಬಡಮನೆಯವರು ಮತ್ತೆ ಹಿಂದುಳಿಯಬಹುದು; ಅಲ್ಲಿ ಮೊದಲ ವಾದ ಪುನಃ ಮುಂದೆ ಬರುತ್ತದೆ.

ಘಟ್ಟದ ಮೇಲಿನವರೂ ಸ್ಥಳೀಯರೇ?

ಎಲ್ಲ ವಾದಗಳ ಬುಡದಲ್ಲಿ ಇರುವ ಪ್ರಶ್ನೆ ಸ್ಥಳೀಯರು ಯಾರು ಎಂಬುದು. ನಾಲ್ಕು ಅಳತೆಗೋಲುಗಳು ಚಲಾವಣೆಯಲ್ಲಿವೆ: ವಾಸ, ಕಸುಬು, ಸಮುದಾಯ, ಆಡಳಿತದ ವ್ಯಾಪ್ತಿ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡದ ಕಾಲೇಜುಗಳು ಬಹುಕಾಲ ಕರ್ನಾಟಕ ವಿಶ್ವವಿದ್ಯಾಲಯದ ಒಂದೇ ವ್ಯಾಪ್ತಿಯಲ್ಲಿದ್ದವು. ಆ ಲೆಕ್ಕದಲ್ಲಿ ಕೋಡಿಬಾಗದ ವಿಭಾಗಕ್ಕೆ ಹುಬ್ಬಳ್ಳಿಯ ವಿದ್ಯಾರ್ಥಿ ಸ್ಥಳೀಯನೇ, ಮಲ್ಪೆಯವನು ಹೊರಗಿನವನು. ವಾಸ ಮತ್ತು ಕಸುಬಿನ ಲೆಕ್ಕ ಹಿಡಿದರೆ ಇದು ತಲೆಕೆಳಗಾಗುತ್ತದೆ.

ಐದನೆಯ ಅಳತೆಗೋಲೊಂದನ್ನು ಪರಿಸರ ವಿಜ್ಞಾನ ಒದಗಿಸುತ್ತದೆ: ಜಲಾನಯನ. ಹುಬ್ಬಳ್ಳಿ–ಧಾರವಾಡ ಅವಳಿ ನಗರ ಜಲವಿಭಜಕದ ಮೇಲಿದೆ. ಒಂದು ಮಗ್ಗುಲಿನ ನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆ, ಕೃಷ್ಣೆಗಳನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನಲ್ಲಿ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಕೂಡಿಕೊಂಡು, ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿಯಾಗಿ ಅಂಕೋಲಾ–ಗೋಕರ್ಣಗಳ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ದುರ್ಗದಬೈಲಿನ ಸಂಜೆಯ ಪೇಟೆ ಮುಗಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೀಲ ಚರಂಡಿ ಹಿಡಿದರೆ ಅದರ ಕೊನೆಯ ದಾರಿ ಯಾವುದಾದರೊಂದು ಸಮುದ್ರವೇ. ಅಲ್ಲಿಂದ ತುಸು ದೂರದ ಗಣೇಶಪೇಟೆಯ ಮೀನು ಮಾರುಕಟ್ಟೆಗೆ ಅರಬೈಲ್ ಘಟ್ಟ ಹತ್ತಿ ಕರಾವಳಿಯ ಬಂಗಡೆ ಬರುತ್ತದೆ. ಸಮುದ್ರಕ್ಕೆ ಹೋಗುವುದರಲ್ಲೂ ಸಮುದ್ರದಿಂದ ಬರುವುದರಲ್ಲೂ ಪಾಲಿರುವ ಊರನ್ನು ಸಂರಕ್ಷಣೆಯ ಹೊರಗಿಡುವುದು ಕಷ್ಟ.

ಈ ದೃಷ್ಟಿಯಲ್ಲಿ ಸಮುದ್ರ ಸಂರಕ್ಷಣೆಯ ಓದು ಧಾರವಾಡದ ಶಾಲ್ಮಲೆಯ ನೀರಿನ ಪರೀಕ್ಷೆಯಿಂದಲೇ ಶುರುವಾಗಬಹುದು. ಬೇಡ್ತಿ–ವರದಾ ನದಿ ಜೋಡಣೆಯ ಪ್ರಸ್ತಾವ ಇದಕ್ಕೆ ಕಣ್ಣೆದುರಿನ ಉದಾಹರಣೆ. ಬಯಲುಸೀಮೆಗೆ ನೀರು ಬೇಕು ಎಂಬ ಬೇಡಿಕೆ ಒಂದೆಡೆ; ಸಿಹಿನೀರು ಕಡಿಮೆಯಾದರೆ ಗಂಗಾವಳಿಯ ಅಳಿವೆಯಲ್ಲಿ ಉಪ್ಪಿನಂಶ ಏರಿ ಮೀನು, ಚಿಪ್ಪುಜೀವಿಗಳ ಬದುಕು ಕೆಡುತ್ತದೆ ಎಂಬ ಆತಂಕ ಇನ್ನೊಂದೆಡೆ. ಎರಡೂ ಕಡೆಯ ಮಾತನ್ನು ಅಳೆದು ತೂಗಬಲ್ಲವರು ಘಟ್ಟದ ಮೇಲೂ ಬೇಕು, ಕೆಳಗೂ ಬೇಕು. ಹಾಗೆಂದು ಇಬ್ಬರಿಗೂ ಒಂದೇ ನಿಧಿಯಿಂದ, ಒಂದೇ ಸಾಲಿನಲ್ಲಿ ನೆರವು ಕೊಟ್ಟರೆ ಹಾಸ್ಟೆಲ್, ಟ್ಯೂಷನ್, ಗ್ರಂಥಾಲಯಗಳ ನಗರದ ವಿದ್ಯಾರ್ಥಿ ಮುಂದೆ ಬಂದು ಕರಾವಳಿಯ ಮಗು ಮತ್ತೆ ಹಿಂದೆ ಬೀಳುವ ಅಪಾಯವಿದೆ. ಎರಡು ಪ್ರತ್ಯೇಕ ಬಾಗಿಲುಗಳಿರುವುದು ಉಚಿತ: ತೀರದ ಕಸುಬಿನ ಮನೆಗಳಿಗೆ ಆದ್ಯತೆಯ ಬಾಗಿಲು, ಜಲಾನಯನದ ಅಧ್ಯಯನಕ್ಕೆ ಒಳನಾಡಿನವರ ಬಾಗಿಲು.

ಇತ್ಯರ್ಥವಾಗದೆ ಉಳಿದಿರುವುದು

ಐದೂ ವಾದಗಳಲ್ಲಿ ಒಂದೊಂದು ಸತ್ಯಾಂಶವಿದೆ. ನ್ಯಾಯದ ವಾದ ಯಾರು ಹೊರಗುಳಿದರೆಂದು ತೋರಿಸುತ್ತದೆ. ಪ್ರತಿಭೆಯ ವಾದ ಸಮುದ್ರದ ವಿಸ್ತಾರವನ್ನು ನೆನಪಿಸುತ್ತದೆ. ನೆಲದ ಅರಿವಿನ ವಾದ ವಿಜ್ಞಾನದ ಗುಣಮಟ್ಟದ ಮಾತಾಡುತ್ತದೆ. ಒಪ್ಪಂದದ ವಾದ ಮನೆಯನ್ನೂ ಸಂರಕ್ಷಣೆಯನ್ನೂ ಜೋಡಿಸುತ್ತದೆ. ಉದ್ಯೋಗದ ವಾದ ಓದಿನ ಮುಂದಿನ ದಾರಿಯನ್ನು ಕೇಳುತ್ತದೆ. ಇವುಗಳ ನಡುವೆ ಕೆಲವು ಪ್ರಶ್ನೆಗಳು ತೀರ್ಮಾನ ಕಾಣದೆ ಉಳಿದಿವೆ.

ಮೊದಲನೆಯದು ಅರ್ಹತೆ. ಕಸುಬನ್ನು ಆಧಾರವಾಗಿಟ್ಟರೆ ದೋಣಿಯಿಲ್ಲದ ಚಿಪ್ಪು ಆರಿಸುವವರು, ಮೀನು ಮಾರುವ ಹೆಂಗಸರು, ಒಣಮೀನು ಮಾಡುವವರು ಯಾವ ದಾಖಲೆ ತೋರಿಸಬೇಕು? ಎರಡನೆಯದು ಹಂತ. ಸೀಮಿತ ಹಣವನ್ನು ಶಾಲೆಯ ನೂರು ಮಕ್ಕಳಿಗೆ ಹಂಚುವುದೋ, ಎಂ.ಎಸ್‌ಸಿ.ಯ ಕೆಲವೇ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯದ ಖರ್ಚೂ ಸೇರಿದಂತೆ ಪೂರ್ತಿ ಕೊಡುವುದೋ? ಮೂರನೆಯದು ಸಮಯ. ಪ್ರವೇಶಕ್ಕೆ ಮೊದಲೇ, ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲೇ ಮುಂಗಡ ಕೊಡಲು ಈಗಿನ ಪೋರ್ಟಲ್ ವ್ಯವಸ್ಥೆಯನ್ನು ಹೇಗೆ ಮಾರ್ಪಡಿಸಬೇಕು? ನಾಲ್ಕನೆಯದು ಹೆಣ್ಣುಮಕ್ಕಳ ಸ್ಥಾನ. ದೋಣಿಯೇರುವ ಕ್ಷೇತ್ರಕಾರ್ಯಕ್ಕೆ ಅವರಿಗೆ ಬೇಕಾದ ಸುರಕ್ಷತೆ, ಸಲಕರಣೆ, ತರಬೇತಿಗಳ ಖರ್ಚು ವಿದ್ಯಾರ್ಥಿವೇತನದ ಭಾಗವಾಗಬೇಕೇ? ಐದನೆಯದು ಹಣದ ಮೂಲ. ತೀರವನ್ನು ಬಳಸಿ ಲಾಭ ಮಾಡುವ ಬಂದರು, ಪ್ರವಾಸೋದ್ಯಮ, ಕೈಗಾರಿಕೆಗಳಿಂದ ಹಣ ಪಡೆದರೆ, ಅವುಗಳ ಮೇಲೇ ವರದಿ ಬರೆಯಬೇಕಾದ ವಿದ್ಯಾರ್ಥಿಯ ಸ್ವಾತಂತ್ರ್ಯಕ್ಕೆ ಧಕ್ಕೆ ಬಾರದಂತೆ ನೋಡಿಕೊಳ್ಳುವವರು ಯಾರು? ಕೊನೆಯದು ಫಲದ ಅಳತೆ. ನೆರವು ಪಡೆದವರು ಎಷ್ಟು ಜನ ಪದವಿ ಪಡೆದರು ಎಂಬುದನ್ನು ಎಣಿಸುವುದು ಸುಲಭ. ಅವರಲ್ಲಿ ಎಷ್ಟು ಜನ ಸಂರಕ್ಷಣೆಯ ಕೆಲಸದಲ್ಲಿ ಉಳಿದರು, ಅವರಿದ್ದ ತೀರದಲ್ಲಿ ಆಮೆ, ಹವಳ, ಮೀನುಗಳ ಸ್ಥಿತಿ ಏನಾಯಿತು ಎಂದು ಅಳೆಯಲು ಹತ್ತಾರು ವರ್ಷಗಳ ದಾಖಲೆ ಬೇಕು. ಆ ದಾಖಲೆಯನ್ನು ಇಡುವ ಹೊಣೆ ವಿಶ್ವವಿದ್ಯಾಲಯದ್ದೋ, ಮೀನುಗಾರಿಕೆ ಇಲಾಖೆಯದ್ದೋ, ಅರಣ್ಯ ಇಲಾಖೆಯದ್ದೋ ಎಂಬುದೂ ಇನ್ನೂ ನಿರ್ಧಾರವಾಗಬೇಕಿದೆ.